ನಾಲ್ಕು ಲಾರಿ ಛತ್ರಿ ಹಿಡಿ

“ಬೇಡ ಅಂದ್ರೆ ಇದಕ್ಕೆ ಬೇಜಾರಾಗುತ್ತೋ ಏನೋ?”

ಯಜಮಾನರು ಹೀಗೆ ಕೇಳಿದ್ದು ನನ್ನನ್ನಲ್ಲ. ಕೋಣೆಯಲ್ಲಿದ್ದವಳು ನಾನೊಬ್ಬಳೇ, ಮೂಲೆಯ ಮೇಜಿನಲ್ಲಿ ಕಾಗದ ಜೋಡಿಸುತ್ತಿದ್ದೆ. ಆದರೂ ಅದು ನನಗೆ ಹಾಕಿದ ಪ್ರಶ್ನೆಯಲ್ಲ, ಯಾರಿಗೂ ಹಾಕಿದ್ದಲ್ಲ. ಅವರ ಕಣ್ಣು ಕಂಪ್ಯೂಟರಿನ ಪರದೆಯ ಮೇಲಿತ್ತು. ‘ಹಿಡಿಗಳ ದಾಸ್ತಾನು ಕಡಿಮೆಯಾಗಿದೆ. ತರಿಸಬೇಕೇ?’ ಎಂದು ಅಲ್ಲಿ ಮೂಡಿತ್ತು. ಕೆಳಗೆ ಎರಡು ಗುಂಡಿ: ಹಸಿರು ಹೌದು ಎನ್ನುವುದಕ್ಕೆ, ಕೆಂಪು ಬೇಡ ಎನ್ನುವುದಕ್ಕೆ. ಅವರ ಬೆರಳು ಕೆಂಪಿನ ಹತ್ತಿರ ಹೋಯಿತು, ಹೊತ್ತಲ್ಲದ ಹೊತ್ತಿನಲ್ಲಿ ಬೇರೆಯವರ ಮನೆ ಬಾಗಿಲು ತಟ್ಟಲು ಹೋದವರ ಹಾಗೆ ಅಲ್ಲೇ ಸಂಕೋಚದಿಂದ ನಿಂತಿತು, ಕೊನೆಗೆ ಹಸಿರನ್ನೇ ಒತ್ತಿತು.

“ಪಾಪ, ಬಾಯಿಬಿಟ್ಟು ಕೇಳಿದೆಯಲ್ಲ,” ಎಂದರು.

ಅರ್ಧ ಗಂಟೆಯೊಳಗೆ ಅದೇ ಪ್ರಶ್ನೆ ಇನ್ನೂ ಮೂರು ಸಲ ಬಂತು, ಮೂರು ಬೇರೆ ಬೇರೆ ಸಾಫ್ಟ್‌ವೇರುಗಳಿಂದ. ಮೂರಕ್ಕೂ ಹಸಿರೇ. ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಇಲ್ಲವೆನ್ನುವುದು ಅವರ ಕೈಲಾಗದ ಕೆಲಸ.

ನಮ್ಮದು ಛತ್ರಿ ಮಾಡುವ ಕಾರ್ಖಾನೆ. ಅರವತ್ತು ಜನರಿದ್ದೇವೆ. ನಡೆಸುವವರು ಇಬ್ಬರು, ಅಕ್ಕ ಮತ್ತು ತಮ್ಮ. ತಮ್ಮನೇ ಯಜಮಾನರು, ಮೇಲಿನ ಕಚೇರಿ, ಗಿರಾಕಿಗಳು, ಬಂದುಹೋಗುವವರು ಅವರ ಪಾಲಿಗೆ. ಕೆಳಗಿನ ಯಂತ್ರಗಳು, ಬಟ್ಟೆ, ಕಡ್ಡಿ, ಹೊಲಿಗೆ ಎಲ್ಲ ಅಕ್ಕನ ಸುಪರ್ದಿಗೆ. ತಮ್ಮನ ಬಾಯಲ್ಲಿ ‘ಆಗಲಿ’ ಬಿಟ್ಟು ಬೇರೆ ಮಾತು ಬರುವುದಿಲ್ಲ. ಅಕ್ಕನ ಬಾಯಲ್ಲಿ ‘ಬೇಡ’ ಬಿಟ್ಟು ಬೇರೆ ಬರುವುದಿಲ್ಲ. ಹೊಸ ಕತ್ತರಿ ತಂದರೂ ಬೇಡ, ಹೊಸ ದೀಪ ಹಾಕಿದರೂ ಬೇಡ. ಕೆಲಸದವರು ಬೆನ್ನ ಹಿಂದೆ ಒಬ್ಬರನ್ನು ಆಗಲಿಯಪ್ಪ, ಇನ್ನೊಬ್ಬರನ್ನು ಬೇಡಮ್ಮ ಎಂದು ಕರೆಯುತ್ತಾರೆ. ಆ ಹೆಸರು ಇಟ್ಟವರು ನಮ್ಮ ಅತ್ತೆ.

ಅತ್ತೆ ಇಪ್ಪತ್ತಾರು ವರ್ಷದಿಂದ ಇಲ್ಲಿನ ಹೊಲಿಗೆ ವಿಭಾಗದಲ್ಲಿದ್ದಾರೆ. ಎಂಟು ಎಸಳು ಬಟ್ಟೆ ಕೂಡಿಸಿ ಹೊಲಿದ ಮೇಲೆ, ಒಂದೊಂದು ಮೂಲೆಯನ್ನೂ ಕಡ್ಡಿಯ ತುದಿಗೆ ಸೂಜಿಯಿಂದ ಕಟ್ಟುವ ಕೆಲಸ ಅವರದು. ನಾನೂ ಮದುವೆಯಾಗಿ ಬಂದ ಹೊಸದರಲ್ಲಿ ಅವರ ಪಕ್ಕದಲ್ಲೇ ಕೂತು ಆ ಕೆಲಸ ಮಾಡಿದವಳು. ಅಕ್ಷರ ದುಂಡಗಿದೆ ಎಂದು ಯಜಮಾನರು ನನ್ನನ್ನು ಮೇಲಿನ ಕಚೇರಿಗೆ ಕರೆಸಿಕೊಂಡರು. ಆದರೂ ಇಡೀ ಕಾರ್ಖಾನೆಗೆ ನಾನು ಇವತ್ತಿಗೂ ‘ಸೊಸೆ’.

ಹೆಚ್ಚು ಮಾತಾಡುವವಳಲ್ಲ ನಾನು. ನಮ್ಮ ಅಜ್ಜ ಬೆಳಗಾದರೆ ರಾಗವಾಗಿ ಕಾವ್ಯ ಓದುತ್ತಿದ್ದರು. ಎದುರು ಕೂತ ಮಕ್ಕಳು ಪದ್ಯ ಮುಗಿಯುವವರೆಗೆ ಉಸಿರೆತ್ತುವಂತಿರಲಿಲ್ಲ. ಆ ಅಭ್ಯಾಸ ಹಾಗೇ ಉಳಿದುಬಿಟ್ಟಿದೆ. ಯಾರು ಏನು ಹೇಳಿದರೂ ಕೊನೆಯ ಸಾಲಿನವರೆಗೆ ಕೇಳಿಸಿಕೊಳ್ಳುತ್ತೇನೆ, ಆಮೇಲೆ ಹೂಂ ಎನ್ನುತ್ತೇನೆ.

ಅದೇ ದಿನ, ಸೋಮವಾರ, ಹನ್ನೊಂದು ಗಂಟೆಗೆ ಫೋನು ಬಂತು. ನಲವತ್ತು ಊರುಗಳಲ್ಲಿ ಅಂಗಡಿಗಳಿರುವ ಸಂಸ್ಥೆಯ ಖರೀದಿ ಮೇಡಂ ಮಾತಾಡುತ್ತಿದ್ದರು. ಯಜಮಾನರು ಫೋನನ್ನು ಜೋರಾಗಿ ಕೇಳುವಂತೆ ಇಟ್ಟಿದ್ದರಿಂದ ನನಗೂ ಕೇಳಿಸಿತು.

“ಶುಕ್ರವಾರ ಬರ್ತೀನಿ. ಎಷ್ಟು ಛತ್ರಿ ತಯಾರಿದೆ ಅನ್ನೋದನ್ನ ಪರದೆ ಮೇಲೆ ತೋರಿಸಿ. ಆಮೇಲೆ ಯಾವುದಾದ್ರೂ ಒಂದು ರ‍್ಯಾಕ್ ನಾನೇ ಆರಿಸಿಕೊಂಡು ಎಣಿಸ್ತೀನಿ. ಎರಡೂ ಹೊಂದಿದ್ರೆ ಎರಡು ವರ್ಷದ ಕೆಲಸ ನಿಮ್ಮದು. ಹೊಂದದಿದ್ರೆ ನಮಸ್ಕಾರ ಹೇಳಿ ಹೊರಡ್ತೀನಿ.”

“ಆಗಲಿ ಮೇಡಂ, ಖಂಡಿತ ಆಗಲಿ.”

ಫೋನಿಟ್ಟ ಯಜಮಾನರ ಮುಖ ಅರಳಿತ್ತು. ನನ್ನ ಎದೆಯೂ ಹಗುರಾಯಿತು. ಕಾರಣವಿತ್ತು. ನಮ್ಮ ಛತ್ರಿಗಳನ್ನು ಮೊದಲಿನಿಂದಲೂ ಕೊಳ್ಳುತ್ತಿದ್ದ ಅಂಗಡಿಯವರು ಹೋದ ವರ್ಷ ವ್ಯಾಪಾರ ನಿಲ್ಲಿಸಿದ್ದರು. ಅಂದಿನಿಂದ ಹೊಲಿಗೆ ವಿಭಾಗ ವಾರಕ್ಕೆ ಮೂರೇ ದಿನ ತೆರೆಯುತ್ತಿತ್ತು. ಉಳಿದ ದಿನ ಅತ್ತೆ ಮನೆಯಲ್ಲಿರುತ್ತಿದ್ದರು. ಮನೆಯಲ್ಲಿರುವ ಅತ್ತೆ ಎಂದರೆ ಏನೆಂದು ಸೊಸೆಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಯ ಪರದೆಗಳನ್ನೆಲ್ಲ ಬಿಚ್ಚಿ ಎರಡು ಸಲ ಹೊಲಿದಾಗಿತ್ತು. ನನ್ನ ಗಂಡನ ಅಂಗಿಗಳಿಗೆ ಬೇಕಾದ್ದಕ್ಕಿಂತ ಹೆಚ್ಚು ಗುಂಡಿಗಳಾಗಿದ್ದವು. ತಮಾಷೆ ಒತ್ತಟ್ಟಿಗಿರಲಿ, ಕೆಲಸವಿಲ್ಲದ ದಿನ ಅವರು ಬೆಳಗ್ಗೆ ಎದ್ದು ಸ್ನಾನ ಮುಗಿಸಿ, ದೇವರ ಮುಂದೆ ದೀಪ ಹಚ್ಚಿ, ಆಮೇಲೆ ಎತ್ತ ಹೋಗಬೇಕೆಂದು ತೋಚದೆ ಹೊಸ್ತಿಲ ಹತ್ತಿರ ನಿಲ್ಲುವುದನ್ನು ನೋಡಲಾಗುತ್ತಿರಲಿಲ್ಲ. ಈ ಕೆಲಸ ಸಿಕ್ಕರೆ ವಿಭಾಗ ಮತ್ತೆ ಆರು ದಿನವೂ ತೆರೆಯುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ.

“ಎಷ್ಟು ಛತ್ರಿ ಇದೆಯಮ್ಮ ನಮ್ಮಲ್ಲಿ?” ಎಂದು ಯಜಮಾನರು ಕೇಳಿದರು.

ಕೇಳಿಕೊಂಡು ಬರುತ್ತೇನೆಂದು ಗೋದಾಮಿಗೆ ಇಳಿದೆ.

ಗೋದಾಮು ನೋಡಿಕೊಳ್ಳುವವರನ್ನು ಎಲ್ಲರೂ ಭಾವ ಎನ್ನುತ್ತೇವೆ. ಹೊಲಿಗೆ ವಿಭಾಗದ ಹಿರಿಯಕ್ಕ ಒಬ್ಬರ ಗಂಡ. ನನ್ನ ಪ್ರಶ್ನೆ ಕೇಳಿ ಅವರು ಕಿವಿಯ ಹಿಂದಿನ ಪೆನ್ಸಿಲು ತೆಗೆದು ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು.

“ಯಾವುದರಲ್ಲಿ?”

“ಯಾವುದರಲ್ಲಿ ಅಂದ್ರೆ? ಒಟ್ಟು ಎಷ್ಟಿದೆ ಭಾವ?”

“ಒಟ್ಟು ಅಂತ ಇಲ್ವಲ್ಲ ಸೊಸೆ. ಎಲ್ಲರಿಗೂ ಪಾಲು ಹಂಚಿಬಿಟ್ಟಿದೀನಿ.”

ಆಮೇಲೆ ನಿಧಾನವಾಗಿ ವಿಷಯ ಹೊರಗೆ ಬಂತು. ಎರಡು ವರ್ಷದಲ್ಲಿ ನಮ್ಮಲ್ಲಿಗೆ ನಾಲ್ಕು ಸಾಫ್ಟ್‌ವೇರುಗಳು ಬಂದಿದ್ದವು, ನಾಲ್ಕೂ ದಾಸ್ತಾನು ಬರೆದಿಡುವಂಥವೇ. ಮೊದಲನೆಯದನ್ನು ತಂದವನು ಟೈ ಕಟ್ಟಿಕೊಂಡು ಎರಡು ಗಂಟೆ ನಿಂತೇ ವಿವರಿಸಿದ್ದ. ಅಷ್ಟು ಹೊತ್ತು ನಿಂತವನಿಗೆ ಇಲ್ಲವೆನ್ನುವುದು ಹೇಗೆ? ಎರಡನೆಯದು ಯಜಮಾನರ ಹೆಂಡತಿಯ ಕಡೆಯ ನೆಂಟರದು. ಮೂರನೆಯವನು ಉದ್ದಕ್ಕೂ ಕೆಮ್ಮುತ್ತಿದ್ದ. ಯಜಮಾನರು ಬಿಸಿನೀರು ತರಿಸಿಕೊಟ್ಟು, ಅವನು ಹೇಳುವುದು ಮುಗಿಯುವ ಮುಂಚೆಯೇ ಒಪ್ಪಿಬಿಟ್ಟರು, ಪಾಪ, ಗಂಟಲಿಗೆ ಯಾಕೆ ತೊಂದರೆ ಎಂದು. ನಾಲ್ಕನೆಯವನು ಬಂದದ್ದು ನಮ್ಮಲ್ಲಿಗೇ ಅಲ್ಲ. ಪಕ್ಕದ ಬಿಸ್ಕತ್ತು ಕಾರ್ಖಾನೆಗೆ ಹೋಗಬೇಕಾದವನು ವಿಳಾಸ ತಪ್ಪಿ ನಮ್ಮ ಮೆಟ್ಟಿಲು ಹತ್ತಿದ್ದ. ಅಷ್ಟು ದೂರ ಬಂದವನನ್ನು ಬರಿಗೈಯಲ್ಲಿ ಕಳಿಸಲು ಯಜಮಾನರಿಗೆ ಮನಸ್ಸು ಬರಲಿಲ್ಲ.

ನಾಲ್ಕೂ ಬಂದ ಮೇಲೆ ಒಂದು ದಿನ ಅವರು ಗೋದಾಮಿಗೆ ಬಂದು ಭಾವನಿಗೆ ಮೆಲ್ಲಗೆ ಹೇಳಿದ್ದರಂತೆ: “ಯಾವುದನ್ನೂ ಸುಮ್ನೆ ಕೂರಿಸಬೇಡಿ. ಮಾಡಿದವರಿಗೆ ನೋವಾಗುತ್ತೆ. ಎಲ್ಲದಕ್ಕೂ ಸ್ವಲ್ಪ ಸ್ವಲ್ಪ ಕೆಲಸ ಕೊಡಿ.”

ಭಾವ ಅಕ್ಷರಶಃ ಹಾಗೇ ಮಾಡಿದ್ದರು. ಉದ್ದನೆಯ ಕಪ್ಪು ಛತ್ರಿಗಳು ಟೈಯವನದಕ್ಕೆ. ಹೂವಿನ ಬಟ್ಟೆಯವು ನೆಂಟರದಕ್ಕೆ. ಮಡಚುವ ಛತ್ರಿಗಳು ಕೆಮ್ಮಿನವನದಕ್ಕೆ. ಮಕ್ಕಳ ಪುಟ್ಟ ಛತ್ರಿಗಳು ಬಿಸ್ಕತ್ತಿನವನದಕ್ಕೆ. ಹಿಡಿ, ಕಡ್ಡಿ, ಸ್ಪ್ರಿಂಗುಗಳನ್ನೂ ಹೀಗೇ ನಾಲ್ಕು ಪಾಲು. ಒಂದಕ್ಕೆ ಗೊತ್ತಿದ್ದದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಯಾವ ದಿನ ಎಷ್ಟು ಹೊರಗೆ ಹೋಯಿತೆನ್ನುವುದನ್ನೂ ಯಾವುದು ಬಿಡುವಾಗಿ ಕಂಡರೆ ಅದರಲ್ಲಿ ಬರೆದಿದ್ದರು.

“ಹಾಗಾದ್ರೆ ಒಟ್ಟು ಎಷ್ಟಿದೆ ಅಂತ ಯಾರಿಗೂ ಗೊತ್ತಿಲ್ಲ,” ಎಂದೆ.

“ದೇವರಿಗೆ ಗೊತ್ತು,” ಎಂದು ಭಾವ ಮೇಲೆ ನೋಡಿದರು. ಮೇಲೆ ಅಟ್ಟದಲ್ಲೂ ಛತ್ರಿಗಳಿದ್ದವು.

ಮಂಗಳವಾರ ಬೆಳಗ್ಗೆ ಲಾರಿಗಳು ಬಂದವು. ಒಂದರ ಹಿಂದೆ ಒಂದು, ನಾಲ್ಕು. ಗೇಟಿನಿಂದ ಬೀದಿಯ ತಿರುವಿನವರೆಗೂ ಸಾಲು. ನಾಲ್ಕರಲ್ಲೂ ಬಾಗಿದ ಛತ್ರಿ ಹಿಡಿಗಳು, ಹೊಳೆಯುವ ಕಂದು ಬಣ್ಣದವು. ತನ್ನ ಪಾಲಿನ ಹಿಡಿ ಮಾತ್ರ ಕಾಣುತ್ತಿದ್ದರಿಂದ ಒಂದೊಂದು ಸಾಫ್ಟ್‌ವೇರೂ ಇಡೀ ಕಾರ್ಖಾನೆಯಲ್ಲಿ ಹಿಡಿಗೆ ಬರ ಬಂದಿದೆ ಎಂದುಕೊಂಡಿತ್ತು. ಒಂದೊಂದೂ ಇಡೀ ಕಾರ್ಖಾನೆಗೆ ಬೇಕಾದಷ್ಟು ತರಿಸಿತ್ತು. ಹಿಡಿ ಮಾಡುವವರು ಫೋನಿನಲ್ಲಿ ನಗುತ್ತಿದ್ದರು. “ಏನ್ ಸ್ವಾಮಿ, ಛತ್ರಿ ಬಿಟ್ಟು ಬರೀ ಹಿಡಿ ಮಾರೋ ವಿಚಾರನಾ?”

ಅಕ್ಕ ಮೆಟ್ಟಿಲು ಹತ್ತಿ ಬರುವ ಸದ್ದು ಕೇಳಿದಾಗ ಯಜಮಾನರು ಎದ್ದು ನಿಂತರು. ಅಕ್ಕನ ಕೈಯಲ್ಲಿ ಒಂದು ಹಿಡಿ ಇತ್ತು.

“ಏನಿದು?”

“ಹಿಡಿ ಅಕ್ಕ.”

“ಕಣ್ಣು ಕಾಣುತ್ತೆ ನಂಗೆ. ಎಷ್ಟು ಹಿಡಿ?”

“ಕೇಳಿದ್ವು, ಆಗಲಿ ಅಂದೆ.”

“ಯಾರು ಕೇಳಿದ್ದು?”

ಯಜಮಾನರು ಕಂಪ್ಯೂಟರಿನ ಕಡೆ ನೋಡಿದರು. ಅಕ್ಕನೂ ನೋಡಿದರು. ಅದು ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಕಪ್ಪಗೆ ಕೂತಿತ್ತು.

“ವಾಪಸ್ ಕಳಿಸು.”

“ಡ್ರೈವರುಗಳಿಗೆ ಟೀ ಕೊಟ್ಟಾಯ್ತಲ್ಲ ಅಕ್ಕ. ಟೀ ಕುಡಿಸಿ ವಾಪಸ್ ಹೋಗಿ ಅನ್ನೋದು ಹೇಗೆ? ಇಳಿಸ್ತಾ ಇದಾರೆ.”

ಅಕ್ಕ ಕಿಟಕಿಯಿಂದ ಕೂಗಿದರು, ಎರಡೇ ಎರಡು ಮಾತು. ಎರಡು ಲಾರಿಗಳು ತಿರುಗಿ ಹೋದವು. ಇಳಿಸಿ ಮುಗಿದಿದ್ದ ಇನ್ನೆರಡರ ಸರಕು ನಮ್ಮ ಪಾಲಿಗೆ ಉಳಿಯಿತು. ಮೀಟಿಂಗ್ ಕೋಣೆ ತುಂಬಿತು, ಮೆಟ್ಟಿಲಿನ ಕೆಳಗೆ ತುಂಬಿತು, ಅಕ್ಕನ ಕೋಣೆಯ ಕುರ್ಚಿಯ ಮೇಲೂ ಒಂದು ಪೆಟ್ಟಿಗೆ ಬಂದು ಕೂತಿತು.

ಆಗ ನಾನು ಹಿಂದಿನ ದಿನ ಹೇಳಲಾರದೆ ಬಿಟ್ಟಿದ್ದ ಗೋದಾಮಿನ ವಿಷಯ ಹೇಳಿದೆ, ಹೇಳದೆ ವಿಧಿಯಿರಲಿಲ್ಲ. ಅಕ್ಕ ಬೈಯಲಿಲ್ಲ. ಪೆಟ್ಟಿಗೆಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು, ಆಮೇಲೆ ನಗಲು ಶುರುಮಾಡಿದರು. ಅಕ್ಕ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ತಮ್ಮನೂ ನಕ್ಕರು. ಇಬ್ಬರ ನಗುವೂ ಒಂದೇ ಥರ, ಮೂಗಿನಿಂದ ಹೊರಡುವಂಥದ್ದು.

“ಪಾಲು ಹಂಚಿದಾನಂತೆ,” ಎಂದರು ಅಕ್ಕ ಕಣ್ಣೊರೆಸಿಕೊಳ್ಳುತ್ತ. “ನಾಲ್ಕು ಮಕ್ಕಳಿಗೆ ಕಡಲೆ ಹಂಚಿದ ಹಾಗೆ. ಎಲ್ಲ ಕಿತ್ತು ಹಾಕು. ಮೊದಲಿನ ಹಾಗೆ ಕಪ್ಪು ಹಲಗೆ, ಸೀಮೆಸುಣ್ಣ ಸಾಕು.”

“ಸೀಮೆಸುಣ್ಣದಲ್ಲಿ ನೀನು ಬರೆಯೋದು ಎಷ್ಟು ಹೊಲಿದ್ವಿ ಅಂತ. ಎಷ್ಟು ಹೋಯ್ತು, ಎಷ್ಟು ಉಳೀತು ಅಂತ ಎಲ್ಲಿ ಬರೆದಿದೀಯ ಅಕ್ಕ?”

ಅಕ್ಕ ಬಾಗಿಲ ಕಡೆ ನೋಡಿದರು, ಕಿಟಕಿಯ ಕಡೆ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಆ ನೋಟ ನನಗೆ ಹಿಡಿಸಲಿಲ್ಲ.

“ಒಂದು ಕೇಳ್ತೀನಿ, ನಡೆಸಿಕೊಡ್ತೀಯಾ?” ಎಂದು ತಮ್ಮನನ್ನು ಕೇಳಿದರು.

“ಆಗಲಿ.”

“ಇನ್ನೂ ಕೇಳಿಲ್ಲ.”

“ಏನಾದ್ರೂ ಆಗಲಿ ಅಕ್ಕ.”

“ಇವತ್ತಿನಿಂದ ಈ ಕಾರ್ಖಾನೆ ಒಳಗೆ ಯಾವ ಸಾಫ್ಟ್‌ವೇರು ಇರ್ಬೇಕು, ಯಾವುದು ಹೋಗ್ಬೇಕು, ಹೊಸದು ಯಾವುದು ಬರ್ಬೇಕು ಅನ್ನೋದು ಸೊಸೆ ಕೈಲಿ. ನೀನೂ ಅಲ್ಲ, ನಾನೂ ಅಲ್ಲ. ನೀನು ಬಂದವರಿಗೆಲ್ಲ ಬಾಗಿಲು ತೆಗೀತೀಯ, ನಾನು ಬಂದವರ ಮುಖ ನೋಡದೇ ಬಾಗಿಲು ಹಾಕ್ತೀನಿ. ಬಂದಿದ್ದು ಯಾರು ಅಂತ ಕೇಳೋರು ಒಬ್ಬರಾದ್ರೂ ಇರ್ಲಿ. ಇವಳು ಕೇಳಿಸಿಕೊಳ್ತಾಳೆ.”

ಯಜಮಾನರ ಮುಖ ನೋಡಬೇಕಿತ್ತು. ತಲೆಯ ಮೇಲಿನ ಮೂಟೆ ಇಳಿಸಿದವರು ಹೀಗಿರುತ್ತಾರೆ. “ಆಗಲಿ ಆಗಲಿ,” ಎಂದರು, ಎರಡು ಸಲ. ಅಕ್ಕ ಬಿಡಲಿಲ್ಲ, ಕಾಗದದಲ್ಲಿ ಬರೆಸಿದರು, ಸಹಿ ಹಾಕಿಸಿದರು. ಬರೆದವಳು ನಾನೇ, ದುಂಡು ಅಕ್ಷರದಲ್ಲಿ. ನನಗೆ ಒಪ್ಪಿಗೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ.

ಸಂಜೆ ಮನೆಗೆ ನಡೆದು ಹೋಗುವಾಗ ಅತ್ತೆ ದಾರಿಯುದ್ದಕ್ಕೂ ನಕ್ಕರು. “ನೀನಾ? ಬೇಡ ಅನ್ನೋಳು ನೀನಾ? ತರಕಾರಿಯವನು ಬಾಡಿದ ಸೊಪ್ಪು ಕೊಟ್ರೂ ‘ಹೂಂ ಅಣ್ಣ’ ಅಂತ ತಗೊಂಡು ಬರ್ತೀಯ. ಹೋದ ವಾರ ಪಕ್ಕದ ಮನೆಯವರು ಅವರ ಬೆಕ್ಕನ್ನ ನೋಡ್ಕೋ ಅಂದ್ರು. ಇವತ್ತಿಗೂ ನಮ್ಮಲ್ಲೇ ಇದೆ.”

“ಆರು ದಿನ ಕೆಲಸ ಬೇಕೋ ಬೇಡವೋ ನಿಮಗೆ?”

ಅತ್ತೆ ನಗು ನಿಲ್ಲಿಸಿದರು. “ಬೇಕು,” ಎಂದರು. “ಮನೇಲಿ ಕೂತ್ರೆ ಬೆರಳು ಮರೆತುಹೋಗುತ್ತೆ.”

ಬುಧವಾರ ಹೊಲಿಗೆ ವಿಭಾಗಕ್ಕೆ ರಜೆಯ ದಿನ. ಆದರೂ ಅತ್ತೆಯನ್ನು ಕರೆದುಕೊಂಡು ಬಂದೆ. ನಾಲ್ಕರಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೆಂದು ನನಗೆ ಗೊತ್ತಿರಲಿಲ್ಲ. ಆದರೆ ಅದನ್ನು ದಿನವೂ ಬಳಸಬೇಕಾದವರು ಟೈ ಕಟ್ಟಿದವರಲ್ಲ, ಭಾವ ಮತ್ತು ಹೊಲಿಗೆಯವರು ಎನ್ನುವುದು ಗೊತ್ತಿತ್ತು. ಗೋದಾಮಿನ ಕಂಪ್ಯೂಟರಿನ ಮುಂದೆ ಅತ್ತೆಯನ್ನು ಕೂರಿಸಿದೆ. ಎದುರಿಗೆ ಇಪ್ಪತ್ತು ಛತ್ರಿ ಇಟ್ಟೆ. ಇವನ್ನು ನಾಲ್ಕರಲ್ಲೂ ಬರೆಯಿರಿ ಎಂದೆ. ಅಕ್ಕ ಬಾಗಿಲಿಗೆ ಒರಗಿ ನಿಂತರು, ಭಾವ ಸ್ಟೂಲು ಎಳೆದುಕೊಂಡರು.

ಅತ್ತೆ ಸೂಜಿದಾರ ಪಕ್ಕಕ್ಕಿಟ್ಟು ಕನ್ನಡಕ ಏರಿಸಿದರು. ಮೊದಲು ಟೈಯವನದು.

“ಇದೇನು, ಹೂಂ ಅಂದ ಮೇಲೂ ‘ಖಚಿತವೇ’ ಅಂತಿದೆ. ಖಚಿತ. ಮತ್ತೆ ‘ನಿಜವಾಗಿಯೂ ಖಚಿತವೇ’ ಅಂತೆ. ಮೂರು ಸಲ ಕೇಳ್ತಲ್ಲ. ಮದುವೆ ಮುಂಚೆ ನಿಮ್ಮ ಮಾವ ಕೂಡ ನನ್ನನ್ನ ಇಷ್ಟು ಸಲ ಕೇಳಿರಲಿಲ್ಲ.”

ಆಮೇಲೆ ನೆಂಟರದು. ಅದರಲ್ಲಿ ಒಂದು ಚಕ್ರ ತಿರುಗುತ್ತ ಕೂತಿತು. ಅತ್ತೆ ಕಾದರು. ಒಂದು ಛತ್ರಿಯ ಎರಡು ಮೂಲೆ ಹೊಲಿದು ಕಟ್ಟಿದರು. ಚಕ್ರ ಇನ್ನೂ ತಿರುಗುತ್ತಿತ್ತು.

“ನೆಂಟರದೇ ಹೌದು,” ಎಂದರು. “ಬಂದ್ರು, ಕೂತ್ರು, ಏಳೋ ಸೂಚನೆ ಇಲ್ಲ.”

ಸ್ಟೂಲು ಅಲುಗಾಡುವಷ್ಟು ಭಾವ ನಕ್ಕರು. ಆದರೆ ಅತ್ತೆ ಬಿಸ್ಕತ್ತಿನವನದು ತೆರೆದಾಗ ಅವರ ನಗು ನಿಂತಿತು.

“ಭಾವ, ಇದು ಕೇಳ್ತಾ ಇದೆ, ಈ ಛತ್ರಿ ಯಾವತ್ತು ಹಳಸುತ್ತೆ ಅಂತ.”

“ಹೂಂ, ಅದು ಯಾವಾಗಲೂ ಕೇಳುತ್ತೆ. ತಾರೀಖು ಕೊಡದೆ ಇದ್ರೆ ಮುಂದಕ್ಕೆ ಹೋಗಲ್ಲ.”

“ನೀವು ಏನು ಬರೀತಿದ್ರಿ?”

“ನನ್ನ ಮಗಳ ಮುಂದಿನ ಹುಟ್ಟುಹಬ್ಬದ ದಿನ,” ಎಂದರು ಭಾವ ತಲೆ ತಗ್ಗಿಸಿ. “ಹೋದ ತಿಂಗಳು ಆ ದಿನ ಬಂದುಬಿಡ್ತು. ಮಕ್ಕಳ ಛತ್ರಿಯೆಲ್ಲ ಕೆಟ್ಟಿದೆ, ಹೊರಗೆ ಎಸೀರಿ ಅಂತ ಒಂದೇ ಸಮ ಹೇಳ್ತಿತ್ತು. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.”

ಕೊನೆಗೆ ಕೆಮ್ಮಿನವನದು. ಯಾವ ಬಗೆ, ಎಷ್ಟು, ಎಲ್ಲಿ ಇಟ್ಟಿದ್ದೀರಿ: ಮೂರೇ ಪ್ರಶ್ನೆ. ಅತ್ತೆ ಮೂರು ಉತ್ತರ ಕೊಟ್ಟರು. ಪರದೆ ‘ಬರೆದುಕೊಂಡೆ’ ಎಂದಿತು. ಅತ್ತೆ ಮುಂದಿನ ಪ್ರಶ್ನೆಗೆ ಕಾದರು. ಏನೂ ಬರಲಿಲ್ಲ.

“ಇದಕ್ಕೆ ಮರ್ಯಾದೆ ಗೊತ್ತು,” ಎಂದು ಕನ್ನಡಕ ತೆಗೆದರು. “ಕೇಳಬೇಕಾದ್ದು ಕೇಳ್ತು, ಸುಮ್ಮನಾಯ್ತು. ಸೊಸೆ ಇದ್ದ ಹಾಗಿದೆ.”

ಯಜಮಾನರು ಬಿಸಿನೀರು ಕುಡಿಸಿ, ಕರುಣೆಯಿಂದ ಒಳಗೆ ಬಿಟ್ಟುಕೊಂಡಿದ್ದೇ ಉಳಿಯಿತು. ಅಕ್ಕನ ಕೈಯಲ್ಲೇ ಎಲ್ಲ ಇದ್ದಿದ್ದರೆ ಅದೂ ಒಳಗೆ ಬರುತ್ತಿರಲಿಲ್ಲ. ಈ ಮಾತನ್ನು ನಾನು ಹೇಳಲಿಲ್ಲ; ಅಕ್ಕನೇ ಹೇಳಿದರು, ಬಾಗಿಲ ಹತ್ತಿರ ನಿಂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ. ನನಗೆ ಕೇಳಿಸಿತು.

ಉಳಿದ ಮೂವರಿಗೆ ಹೇಳುವವರು ಯಾರು ಎಂದು ಯಜಮಾನರು ಬೆವರತೊಡಗಿದಾಗ ಅಕ್ಕ ಫೋನು ಎತ್ತಿಕೊಂಡರು. ಮೂವರಿಗೂ ಸೇರಿ ಮೂರು ನಿಮಿಷ ಹಿಡಿಯಿತು. “ಬೇಡ. ನಮಸ್ಕಾರ,” ಎಂದು ಮೂರು ಸಲ ಕೇಳಿಸಿತು. ಹಸಿದವರು ಊಟಕ್ಕೆ ಕೂತಾಗ ಮುಖದಲ್ಲಿ ಕಾಣುವ ತೃಪ್ತಿ ಅಕ್ಕನ ಮುಖದಲ್ಲಿತ್ತು. ನೆಂಟರ ವಿಷಯ ಬಂದಾಗ ಮಾತ್ರ ಯಜಮಾನರು ಎದ್ದು ಹೊರಗೆ ಹೋದರು.

ಗುರುವಾರ ಎಣಿಕೆ. ಹೊಲಿಗೆಯ ನಲವತ್ತು ಹೆಂಗಸರೂ ಬಂದರು, ಕರೆಯದೆಯೇ. ಒಂದೊಂದು ರ‍್ಯಾಕಿಗೆ ಇಬ್ಬರು: ಒಬ್ಬರು ಎಣಿಸಿ ಕೂಗುವುದು, ಇನ್ನೊಬ್ಬರು ಬೆನ್ನು ತಿರುಗಿಸಿ ನಿಂತು ಮತ್ತೆ ಕೂಗಿ ಹೇಳುವುದು. ಸ್ವಲ್ಪ ಹೊತ್ತಿಗೆ ಕೂಗು ತಾನಾಗಿಯೇ ಲಯ ಹಿಡಿಯಿತು. ಹತ್ತು ಬಂತು ಹತ್ತು, ಇಪ್ಪತ್ತು ಬಂತು ಇಪ್ಪತ್ತು. ನಾನು ಕಂಪ್ಯೂಟರಿನ ಮುಂದೆ ಕೂತು ಕೇಳಿಸಿಕೊಂಡದ್ದನ್ನು ಬರೆಯುತ್ತಿದ್ದೆ. ಎಲ್ಲಾದರೂ ಒಂದು ಬಿಟ್ಟುಹೋದರೆ ಲಯ ಕುಂಟುತ್ತಿತ್ತು, ಆ ರ‍್ಯಾಕನ್ನು ಮತ್ತೆ ಎಣಿಸಿ ಎನ್ನುತ್ತಿದ್ದೆ. ಅಟ್ಟದಿಂದ ಭಾವ ಧೂಳು ಮೆತ್ತಿಕೊಂಡು ಇಳಿದಾಗ ಸಂಜೆ ಐದು. ಐದು ಸಾವಿರದ ಮುನ್ನೂರ ಹದಿನೆಂಟು ಛತ್ರಿ. ಎರಡು ವರ್ಷದಲ್ಲಿ ಮೊದಲ ಸಲ ನಮ್ಮ ಹತ್ತಿರ ಎಷ್ಟಿದೆ ಎಂದು ನಮಗೆ ತಿಳಿಯಿತು.

ಶುಕ್ರವಾರ ಖರೀದಿ ಮೇಡಂ ಹೇಳಿದ ಹೊತ್ತಿಗೆ ಬಂದರು. ಕುಳ್ಳಗಿನ, ನರೆತ ಕೂದಲಿನ ಹೆಂಗಸು. ಕೈಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಪುಟ್ಟ ಪುಸ್ತಕ. ಗೇಟಿನಿಂದ ಒಳಗೆ ಬರುವಷ್ಟರಲ್ಲಿ ಬಿಸಿಲಿದೆ ಎಂದು ಯಜಮಾನರು ಗೋದಾಮಿನಿಂದ ಒಂದು ಹೂವಿನ ಛತ್ರಿ ತರಿಸಿ ಅವರ ಕೈಗೆ ಕೊಟ್ಟರು. ಮೀಟಿಂಗ್ ಕೋಣೆಯಲ್ಲಿ ಜಾಗವಿಲ್ಲದ್ದರಿಂದ ಎಲ್ಲರೂ ಗೋದಾಮಿನಲ್ಲೇ ಹಿಡಿಯ ಪೆಟ್ಟಿಗೆಗಳ ಮೇಲೆ ಕೂತೆವು. ಮೇಡಂ ತಮ್ಮ ಕೆಳಗಿನ ಪೆಟ್ಟಿಗೆಯನ್ನೊಮ್ಮೆ, ಗೋಡೆಯುದ್ದದ ಪೆಟ್ಟಿಗೆಗಳನ್ನೊಮ್ಮೆ ನೋಡಿದರು.

“ಹಿಡಿ ಚೆನ್ನಾಗಿ ಸಂಗ್ರಹ ಮಾಡಿದೀರಿ.”

“ಹೌದು ಮೇಡಂ,” ಎಂದರು ಯಜಮಾನರು. ಅಕ್ಕ ಕೆಮ್ಮಿದರು.

ಮೇಡಂ ಎದ್ದು ಸಾಲುಗಳ ಮಧ್ಯೆ ನಡೆದರು. ಹೂವಿನ ಛತ್ರಿಗಳ ಮೂರನೆಯ ರ‍್ಯಾಕಿನ ಮುಂದೆ ನಿಂತರು. ಬೆರಳಿನಿಂದ ಮುಟ್ಟಿ ಮುಟ್ಟಿ ತಾವೇ ಎಣಿಸಿದರು. ಬಾಗಿಲ ಹತ್ತಿರ ಅತ್ತೆ ಮತ್ತು ಇನ್ನಿಬ್ಬರು ಏನೋ ಕೆಲಸವಿದ್ದವರ ಹಾಗೆ ಬಂದು ನಿಂತಿದ್ದರು.

“ಇನ್ನೂರ ಹನ್ನೊಂದು,” ಎಂದರು ಮೇಡಂ. ರ‍್ಯಾಕಿಗೆ ಅಂಟಿಸಿದ್ದ ನಿನ್ನೆಯ ಎಣಿಕೆಯ ಚೀಟಿಯಲ್ಲಿ ಇನ್ನೂರ ಹನ್ನೆರಡು ಎಂದಿತ್ತು. ಅವರು ಅದನ್ನೂ ನೋಡಿದರು. “ಒಂದು ಕಡಿಮೆ.”

ನಾನು ಪರದೆಯ ಕಡೆ ತಿರುಗಿದೆ. ಅದರಲ್ಲೂ ಇನ್ನೂರ ಹನ್ನೊಂದೇ ಇತ್ತು. ಮೇಡಂ ಬಂದು ನೋಡಿದರು, ಹುಬ್ಬೇರಿಸಿದರು.

“ಇದರಲ್ಲಿ ಸರಿಯಿದೆ. ಹಾಗಾದ್ರೆ ಆ ಒಂದು ಎಲ್ಲಿ ಹೋಯ್ತು?”

ಭಾವ ಕಿವಿಯ ಹಿಂದಿನ ಪೆನ್ಸಿಲು ಮುಟ್ಟಿಕೊಂಡು ಮುಂದೆ ಬಂದರು. “ನಿಮ್ಮ ಕೈಯಲ್ಲಿದೆ ಮೇಡಂ. ನೀವು ಗೇಟಿಂದ ಇಲ್ಲಿಗೆ ಬರೋದರೊಳಗೆ ನಾನು ಬರೆದುಬಿಟ್ಟೆ.”

ಮೇಡಂ ತಮ್ಮ ಕೈಯ ಛತ್ರಿ ನೋಡಿಕೊಂಡರು. ಬಾಗಿಲ ಹತ್ತಿರ ಯಾರೋ ತಡೆಯಲಾರದೆ ಪಕ್ಕನೆ ನಕ್ಕರು. ಅದು ಅತ್ತೆಯ ನಗು. ಮೇಡಂ ಕೂಡ ನಕ್ಕರು, ನಕ್ಕು ಮತ್ತೆ ಪೆಟ್ಟಿಗೆಯ ಮೇಲೆ ಕೂತರು. ಪುಸ್ತಕದ ರಬ್ಬರ್ ಬ್ಯಾಂಡ್ ತೆಗೆದರು.

“ಮೊದಲ ಕಂತು ಮುಂದಿನ ತಿಂಗಳ ಐದಕ್ಕೆ ಕೊಡ್ತೀರಾ?”

“ಆಗಲಿ,” ಎಂದರು ಯಜಮಾನರು.

“ಆಗಲ್ಲ,” ಎಂದರು ಅಕ್ಕ. “ಹದಿನೈದಕ್ಕೆ ಕೊಡ್ತೀವಿ. ಐದಕ್ಕೆ ಕೊಟ್ರೆ ತುದಿ ಹೊಲಿಗೆ ಸಡಿಲ ಬರುತ್ತೆ.”

ಮೇಡಂ ಯಜಮಾನರ ಮಾತಿಗೆ ಏನೂ ಬರೆದಿರಲಿಲ್ಲ. ಅಕ್ಕ ಹೇಳಿದ್ದನ್ನು ಬರೆದುಕೊಂಡರು. ಇನ್ನೂ ನಾಲ್ಕಾರು ಪ್ರಶ್ನೆ ಕೇಳಿದರು; ಬಟ್ಟೆಯ ಬಣ್ಣ, ಪೆಟ್ಟಿಗೆಯ ಅಳತೆ, ಲಾರಿ ಎಷ್ಟು ಹೊತ್ತಿಗೆ ಹೊರಡುತ್ತದೆ. ಆಮೇಲೆ ಚೀಲದಿಂದ ಒಪ್ಪಂದದ ಕಾಗದ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು, ಪೆನ್ನಿನ ಮುಚ್ಚಳ ತೆಗೆದರು. ಬಾಗಿಲ ಹತ್ತಿರ ಅತ್ತೆ ಪಕ್ಕದವರ ಕೈ ಹಿಡಿದುಕೊಂಡದ್ದು ನನಗೆ ಕಂಡಿತು.

“ಒಂದು ಚಿಕ್ಕ ವಿಷಯ,” ಎಂದರು ಮೇಡಂ. “ನಮಗೆ ಮಾಲು ಕೊಡೋರಿಗೆಲ್ಲ ನಮ್ಮದೇ ಒಂದು ಸಾಫ್ಟ್‌ವೇರ್ ಕೊಡ್ತೀವಿ. ಇದು ಇರ್ಲಿ, ಇದರ ಜೊತೆ ಅದನ್ನೂ ಹಾಕ್ಕೊಳ್ಳಿ. ದಿನಾ ಎರಡರಲ್ಲೂ ಬರೆದ್ರೆ ಆಯ್ತು. ಹೆಚ್ಚು ಕೆಲಸ ಏನಿಲ್ಲ.”

ಯಜಮಾನರ ಬಾಯಿ ‘ಆ’ ಎನ್ನುವಷ್ಟು ತೆರೆಯಿತು. ಅಷ್ಟರಲ್ಲಿ ಅಕ್ಕನ ಕಣ್ಣು ಅವರ ಮೇಲೆ ಬಿತ್ತು. ಬಾಯಿ ಮುಚ್ಚಿಕೊಂಡು, ನೆನಪಾದವರ ಹಾಗೆ, ಬಹಳ ಸಂತೋಷದಿಂದ ನನ್ನ ಕಡೆ ಕೈ ತೋರಿದರು.

“ಅದನ್ನು ಇವರು ಹೇಳಬೇಕು ಮೇಡಂ. ಬರೆದುಕೊಟ್ಟಿದೀನಿ.”

ಮೇಡಂ ನನ್ನ ಕಡೆ ತಿರುಗಿದರು. ಪೆನ್ನು ಕಾಗದದಿಂದ ಒಂದು ಬೆರಳಿನಷ್ಟು ಮೇಲಿತ್ತು. ಇಷ್ಟು ಹೊತ್ತು ಬಾಗಿಲ ಹತ್ತಿರ ಮೂವರಿದ್ದರು, ಈಗ ಹತ್ತು ಹನ್ನೆರಡು ಜನರಿದ್ದರು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಹೂಂ ಎಂದರೆ ಸಾಕಿತ್ತು. ನನ್ನ ನಾಲಿಗೆಗೆ ಅಷ್ಟು ಸಲೀಸಾದ ಮಾತು ಬೇರೊಂದಿಲ್ಲ. ಹೂಂ ಎಂದರೆ ಸಹಿ ಬೀಳುತ್ತದೆ, ನಾಳೆಯಿಂದ ಆರು ದಿನ. ಹೂಂ ಎಂದರೆ ನಾಳೆಯಿಂದ ಭಾವ ಒಂದೇ ಛತ್ರಿಯನ್ನು ಎರಡು ಕಡೆ ಬರೆಯುತ್ತಾರೆ. ಅವಸರದ ದಿನ ಒಂದು ಕಡೆ ಬಿಡುತ್ತಾರೆ. ತಿಂಗಳೊಳಗೆ ಎರಡು ಕಡೆ ಎರಡು ಸಂಖ್ಯೆ. ಯಾವುದು ನಿಜವೆಂದು ಮೇಡಂ ಕೇಳಿದಾಗ ನಾವೆಲ್ಲ ಮತ್ತೆ ಅಟ್ಟದ ಕಡೆ ನೋಡುತ್ತೇವೆ. ಆ ದಿನ ಆರು ಹೋಗಲಿ, ಮೂರೂ ಉಳಿಯುವುದಿಲ್ಲ.

ಅವರು ಹೇಳುವುದು ಮುಗಿದಿದೆಯೇ ಎಂದು ಒಂದು ಕ್ಷಣ ಕಾದೆ. ಮುಗಿದಿತ್ತು.

“ಇಲ್ಲ ಮೇಡಂ,” ಎಂದೆ. “ಅದನ್ನು ಒಪ್ಪಿಕೊಳ್ಳೋಕೆ ಆಗಲ್ಲ.”